ಕಂಪನಿ ಯಾರ ಮಗಳೂ ಅಲ್ಲ

ತಂಗಿ ಬಂದಳೆಂದರೆ ಅಮ್ಮನ ಮೊಣಕಾಲು ನೋವು ಮಾಯ. ಇದನ್ನು ಅಕ್ಕ ಎಷ್ಟೋ ವರ್ಷದಿಂದ ನೋಡುತ್ತ ಬಂದಿದ್ದಳು. ವಾರವಿಡೀ ಗೋಡೆ ಹಿಡಿದು ನಡೆಯುವ ಅಮ್ಮ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಟಪಟಪ ಹೆಜ್ಜೆ ಕೇಳಿಸಿದ ಕೂಡಲೇ ಎದ್ದು ಹೋಗಿ ತಾನೇ ಬಾಗಿಲು ತೆರೆಯುತ್ತಿದ್ದಳು. ಗಾಜಿನ ಬೀರುವಿನಿಂದ ನೀಲಿ ಅಂಚಿನ ಕಪ್ಪುಗಳು ಹೊರಗೆ ಬರುತ್ತಿದ್ದವು. ಆ ಕಪ್ಪುಗಳನ್ನು ಒರೆಸಿಡುವವಳು ಅಕ್ಕ, ಅಮ್ಮನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವವಳು ಅಕ್ಕ, ಬಿಸಿನೀರಿನ ಚೀಲ ಮೊಣಕಾಲಿಗೆ ಕಟ್ಟುವವಳು ಅಕ್ಕ. ಆದರೆ ನೀಲಿ ಅಂಚಿನ ಕಪ್ಪಿನಲ್ಲಿ ಟೀ ಕುಡಿಯುವ ಯೋಗ ಅವಳಿಗೆ ಬರುತ್ತಿದ್ದುದು ತಂಗಿ ಬಂದ ದಿನ ಮಾತ್ರ.

ಅಕ್ಕನಿಗೆ ನಲವತ್ತೊಂಬತ್ತು. ವಕೀಲರೊಬ್ಬರ ಕಚೇರಿಯಲ್ಲಿ ದಸ್ತಾವೇಜು ಪರಿಶೀಲಿಸುವ ಕೆಲಸ. ಅಂದರೆ ಬೇರೆಯವರು ಬರೆದ ಪತ್ರಗಳನ್ನು ಓದಿ ತಪ್ಪು ಹುಡುಕುವುದು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಹೋದ ತಪ್ಪು ಒಂದೂ ಇಲ್ಲ. ಕಚೇರಿಯಲ್ಲಿ ಅವಳಿಗೆ ಭೂತಗನ್ನಡಿ ಎಂದೇ ಹೆಸರು. ಪುಟದ ಮೂಲೆಯಲ್ಲಿ ಅವಳ ಪೆನ್ಸಿಲ್ಲಿನ ಟಿಕ್ ಬಿತ್ತೆಂದರೆ ವಕೀಲರು ಓದುವ ಗೋಜಿಗೇ ಹೋಗದೆ ಸಹಿ ಎಳೆಯುತ್ತಿದ್ದರು. ಹರೆಯದಲ್ಲಿ ಮೂವರು ಗಂಡಸರು ಮದುವೆಯಾಗುತ್ತೀಯಾ ಎಂದು ಕೇಳಿದ್ದರಂತೆ, ಮೂವರಲ್ಲೂ ತಪ್ಪು ಸಿಕ್ಕಿತಂತೆ. ಇದು ಅಮ್ಮ ಆಗಾಗ ಆಡಿಕೊಳ್ಳುವ ಮಾತು.

ತಂಗಿ ಆರು ವರ್ಷ ಚಿಕ್ಕವಳು. ಮೂರಕ್ಕೆ ಮೂರು ಕೂಡಿಸಿದರೆ ಅವಳಿಗೆ ಒಮ್ಮೊಮ್ಮೆ ಏಳು ಬರುತ್ತದೆ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದಾಳೆ. ಆದರೂ ನೋಡಿ, ಹದಿನಾಲ್ಕು ಹೆಂಗಸರು ಕೂತು ಕಿಟಕಿ ಪರದೆ ಹೊಲಿಯುವ ಒಂದು ಕಂಪನಿ ಕಟ್ಟಿ ನಿಲ್ಲಿಸಿದ್ದಾಳೆ. ಲೆಕ್ಕ ನೋಡಲು ಒಬ್ಬ ಆಡಿಟರ್, ಹೆಸರು ಕೊರೆಸಿದ ಒಂದು ಮೊಹರು, ಬಾಗಿಲಿಗೊಂದು ಬೋರ್ಡು. ನಲವತ್ಮೂರು ವರ್ಷದ ಆ ನಿರ್ದೇಶಕಿಯನ್ನು ಅಮ್ಮ ಈಗಲೂ ಕರೆಯುವುದು ಪುಟ್ಟಿ ಎಂದು. ಅಕ್ಕನನ್ನು ಕರೆಯುವುದು "ಏ, ಇಲ್ಲಿ ಬಾ" ಎಂದು.

ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ನಿವೃತ್ತಿಯಾದ ವರ್ಷ ಯಾರ ಮಾತೂ ಕೇಳದೆ ಸರೋವರದ ದಂಡೆಯ ರೆಸಾರ್ಟ್ ಒಂದರಲ್ಲಿ ಟೈಮ್‌ಶೇರ್ ಕೊಂಡಳು. ಟೈಮ್‌ಶೇರ್ ಎಂದರೆ ಮನೆ ಕೊಳ್ಳುವುದಲ್ಲ, ಮನೆಯ ಒಂದು ವಾರವನ್ನು ಕೊಳ್ಳುವುದು. ಒಂದೇ ಮನೆಯನ್ನು ವರ್ಷದ ಐವತ್ತೆರಡು ವಾರಗಳಾಗಿ ಹೋಳು ಮಾಡಿ ಐವತ್ತೆರಡು ಜನರಿಗೆ ಮಾರುತ್ತಾರೆ. ಅಮ್ಮನ ಪಾಲಿಗೆ ಬಂದದ್ದು ಆರನೇ ನಂಬರಿನ ಮನೆಯ ಮೂವತ್ತೊಂದನೇ ವಾರ. ಹದಿನೆಂಟು ವರ್ಷದಿಂದ ಆ ವಾರ ಬಂತೆಂದರೆ ತಾಯಿ ಮಕ್ಕಳು ಮೂವರೂ ಅಲ್ಲಿ.

ಹೋದ ಕೂಡಲೇ ಅಲ್ಲಿನವರು ಒಂದು ಪಟ್ಟಿ ಕೊಡುತ್ತಾರೆ: ಚಮಚ ಹನ್ನೆರಡು, ದಿಂಬು ಆರು, ಬಾಣಲೆ ಎರಡು. ಉಳಿದ ಐವತ್ತೊಂದು ವಾರದವರು ಅದನ್ನು ಓದದೆ ಸಹಿ ಮಾಡುತ್ತಾರೆ. ಅಕ್ಕ ಒಂದೊಂದನ್ನೂ ಎಣಿಸಿ, ಚಮಚ ಹನ್ನೊಂದೇ ಇದೆ ಎಂದು ಕೆಳಗೆ ಹೋಗಿ ಬರೆಸಿ ಬರುತ್ತಾಳೆ. "ರಜಕ್ಕೆ ಬಂದಿದೀಯೋ ತನಿಖೆಗೆ ಬಂದಿದೀಯೋ?" ಎಂದು ಅಮ್ಮ ಗದರುತ್ತಾಳೆ. ಅದೇ ತಂಗಿ ಬಾಣಲೆ ಸೀಯಿಸಿ ಸಿಂಕಿನ ಕೆಳಗೆ ಬಚ್ಚಿಟ್ಟರೆ ಅಮ್ಮನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಮಲಗುವ ಕೋಣೆ ಒಂದೇ, ಅದು ಅಮ್ಮ ಮತ್ತು ತಂಗಿಯದು. ಅಕ್ಕನಿಗೆ ಗೊರಕೆಯ ಅಭ್ಯಾಸವಿದೆ ಎಂದು ಮೊದಲ ವರ್ಷವೇ ತೀರ್ಪಾಗಿ ಅವಳಿಗೆ ಸೋಫಾ ಕಾಯಮ್ಮಾಗಿತ್ತು. ಆ ಸೋಫಾದ ಮೇಲೆ ಓದಲು ಇದ್ದದ್ದು ರೆಸಾರ್ಟಿನ ನಿಯಮಗಳ ಪುಸ್ತಕ ಮಾತ್ರ, ಹಾಗಾಗಿ ಅದು ಅವಳಿಗೆ ಬಾಯಿಪಾಠ.

ಇಷ್ಟಾದರೂ ಆ ವಾರ ಅವಳಿಗೆ ಬೇಕಾಗಿತ್ತು, ಯಾಕೆಂದರೆ ತಂಗಿ ಒಂಬತ್ತು ಗಂಟೆಯ ಮೊದಲು ಏಳುವವಳಲ್ಲ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಅಮ್ಮ ಅಕ್ಕನ ತೋಳು ಹಿಡಿದು ನೀರಿನ ಪಕ್ಕದ ಕಾಲುಹಾದಿಯಲ್ಲಿ ನಡೆಯುತ್ತಿದ್ದಳು. ಆಸ್ಪತ್ರೆಯ ಹಳೆಯ ಕತೆಗಳನ್ನು ಹೇಳುತ್ತಿದ್ದಳು. ಮನೆಯಲ್ಲಿ ವರ್ಷವಿಡೀ ಅವಳು ರೋಗಿ, ಇಲ್ಲವೇ ಮೇಲಧಿಕಾರಿ. ಆ ಹಾದಿಯಲ್ಲಿ ಮಾತ್ರ ತಾಯಿ. ವರ್ಷಕ್ಕೆ ಏಳು ಬೆಳಗು. ಅಕ್ಕ ಬದುಕುತ್ತಿದ್ದುದೇ ಆ ಏಳು ಬೆಳಗಿಗಾಗಿ ಎಂದರೂ ತಪ್ಪಿಲ್ಲ.

ಅಂಥದರಲ್ಲಿ ಒಂದು ಭಾನುವಾರ ತಂಗಿ ಹಳದಿ ಫೈಲು ಹಿಡಿದು ಬಂದಳು.

"ಅಕ್ಕಾ, ಅಮ್ಮ ಹೇಳಿದ್ಲಾ? ಮೂವತ್ತೊಂದನೇ ವಾರನ ಕಂಪನಿ ಹೆಸರಿಗೆ ಮಾಡಿಸ್ತಿದೀವಿ."

ಅಮ್ಮ ಹೇಳಿರಲಿಲ್ಲ. ಅಕ್ಕ ಟೀ ಸೋಸುತ್ತಿದ್ದಳು. ಕೈ ನಿಂತಿತು.

"ಯಾವ ಕಂಪನಿ?"

"ಇನ್ಯಾವ್ದು, ನಮ್ ಪರದೆ ಕಂಪನಿ. ವರ್ಷಕ್ಕೊಂದ್ಸಲ ಅವರಿಗೆ ನಿರ್ವಹಣೆ ಶುಲ್ಕ ಕಟ್ತೀವಲ್ಲ, ಅದನ್ನ ಕಂಪನಿ ಖರ್ಚಲ್ಲಿ ತೋರಿಸ್ಬಹುದಂತೆ. ಆಡಿಟರ್ ಹೇಳಿದ್ರು."

"ದುಡ್ಡಿನ ಮಾತು ಬಿಡು," ಎಂದಳು ಅಮ್ಮ. "ನನಗೆ ಎಪ್ಪತ್ತಾರು. ನಾಳೆ ನಾನು ಕಣ್ಮುಚ್ಚಿದ್ರೆ ಆ ರೆಸಾರ್ಟಿನೋರು ನಿಮ್ಮಿಬ್ಬರನ್ನ ಆ ಕಾಗದ ತಾ ಈ ಕಾಗದ ತಾ ಅಂತ ಅಲೆದಾಡಿಸ್ತಾರೆ. ಕಂಪನಿ ಸಾಯಲ್ಲ."

"ಇಬ್ಬರ ಹೆಸರಿಗೂ ಈಗಲೇ ಬರೆದುಕೊಡಬಹುದಿತ್ತಲ್ಲಮ್ಮ?"

"ಇಬ್ಬರಿಗೂ ಕೊಟ್ರೆ ಜಗಳ ಆಡ್ತೀರ. ಒಬ್ಬಳಿಗೆ ಕೊಟ್ರೆ ಇನ್ನೊಬ್ಬಳು ಮುಖ ಊದಿಸ್ಕೋತಾಳೆ. ಅದಕ್ಕೇ ನಾನು ಯಾವ ಮಗಳಿಗೂ ಕೊಡ್ತಿಲ್ಲ. ಕಂಪನಿಗೆ ಕೊಡ್ತಿದೀನಿ. ಕಂಪನಿ ಅಂದ್ರೆ ಯಾರೂ ಅಲ್ಲ."

"ಕಂಪನಿ ಯಾರದ್ದಮ್ಮ?"

"ಕಂಪನಿ ಕಂಪನಿದೇ!" ಎಂದು ಅಮ್ಮ ವಾದ ಮುಗಿಸಿದಳು. ತಾನು ತಕ್ಕಡಿ ಹಿಡಿದು ತೂಗಿದ್ದೇನೆ, ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ ಎಂಬ ತೃಪ್ತಿ ಅವಳ ಮುಖದಲ್ಲಿತ್ತು. ಆ ಕಂಪನಿ ಎನ್ನುವುದು ಪುಟ್ಟಿಯೇ ಬೇರೆ ಬಟ್ಟೆ ಹಾಕಿಕೊಂಡು ಬಂದದ್ದು ಎಂದು ಹೇಳಲು ಅಕ್ಕನಿಗೆ ನಾಲಿಗೆಯ ತುದಿಗೆ ಬಂದಿತ್ತು. ಬಿಸಿ ಟೀಯ ಜೊತೆ ನುಂಗಿಕೊಂಡಳು.

ರೆಸಾರ್ಟಿನವರ ಅರ್ಜಿಯಲ್ಲಿ ಒಂದು ತಮಾಷೆಯಿತ್ತು. ಕಂಪನಿಗೆ ಹಾಸಿಗೆಯ ಮೇಲೆ ಮಲಗಲು ಬರುವುದಿಲ್ಲವಷ್ಟೆ, ಹಾಗಾಗಿ ಅದರ ಪರವಾಗಿ ಆ ವಾರ ಇರುವ ಮನುಷ್ಯರೊಬ್ಬರ ಹೆಸರು ಬರೆಯಬೇಕು. ಒಬ್ಬರದೇ. ಜೊತೆಗೆ ಬರುವವರೆಲ್ಲ ಅತಿಥಿಗಳು. ತಂಗಿ ತನ್ನ ಕಾಗೆ ಕಾಲಿನ ಅಕ್ಷರದಲ್ಲಿ ತನ್ನ ಹೆಸರನ್ನೇ ಬರೆದಿದ್ದಳು. ಅತಿಥಿಗಳ ಸಾಲಿನಲ್ಲಿ ಮೊದಲು ಅಮ್ಮ, ಅದರ ಕೆಳಗೆ ಅಕ್ಕ. ಹದಿನೆಂಟು ವರ್ಷ ಚಮಚ ಎಣಿಸಿದವಳು ಒಂದೇ ಗೆರೆಯಲ್ಲಿ ಅತಿಥಿಯಾಗಿದ್ದಳು. ಅತಿಥಿ ಎಂದರೆ ಕರೆದರೆ ಬರುವವಳು. ಕರೆಯದಿದ್ದರೆ?

"ಆಡಿಟರ್ ಎಲ್ಲಾ ಬರೆದಿದಾರೆ," ಎಂದಳು ತಂಗಿ ಬಿಸ್ಕತ್ತು ಅದ್ದುತ್ತ. "ನೀನು ಅಂಕಿ, ತಾರೀಖು, ವಿಳಾಸ ಅಷ್ಟು ಸರಿ ಇದೆಯಾ ನೋಡ್ಬಿಡು ಸಾಕು. ಕಾನೂನಿಂದೆಲ್ಲ ಅವರು ನೋಡ್ಕೊಂಡಿದಾರೆ. ಆಮೇಲೆ 'ಪರಿಶೀಲಿಸಿದವರು' ಅಂತ ಇದೆಯಲ್ಲ, ಅಲ್ಲೊಂದು ಸಹಿ ಹಾಕು."

ಅಂಕಿ, ತಾರೀಖು, ವಿಳಾಸ! ಅಕ್ಕನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ವಕೀಲರು ಕಣ್ಣು ಮುಚ್ಚಿ ನಂಬುವ ಭೂತಗನ್ನಡಿಗೆ ಮನೆಯಲ್ಲಿ ಕೊಟ್ಟದ್ದು ಮನೆ ನಂಬರು ನೋಡುವ ಕೆಲಸ.

ಮರುದಿನ ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಫೈಲು ಬಿಚ್ಚಿದಳು. ಮೊದಲ ಪುಟದ ಮೊದಲ ಸಾಲಿಗೇ ಕಣ್ಣು ನಿಂತಿತು. ಆಡಿಟರ್ ಮಾಡಿದ್ದು ಕ್ರಯಪತ್ರ. ಅಂದರೆ ಮಾರಾಟ. ಬೆಲೆ: ಒಂದು ರೂಪಾಯಿ ಮಾತ್ರ.

ಮನೆಯೊಳಗಿನ ವ್ಯವಹಾರಕ್ಕೆ ಹಾಗೆ ನಾಮಕಾವಸ್ತೆ ಬೆಲೆ ಬರೆಯುವುದು ಲೆಕ್ಕದವರ ರೂಢಿ. ಎಲ್ಲ ಕಡೆಯೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ನಿಯಮದ ಪುಸ್ತಕದ ಹದಿನಾಲ್ಕನೇ ಕಲಮು ಅವಳ ಕಣ್ಣ ಮುಂದೆ ಬಂದು ನಿಂತಿತು: ಮಾಲೀಕರು ತಮ್ಮ ವಾರವನ್ನು ಮಾರುವುದಾದರೆ, ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು ರೆಸಾರ್ಟಿನದು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಕೊಟ್ಟರೆ ಆ ಹಕ್ಕಿಲ್ಲ. ಆದರೆ ಕಂಪನಿ ಯಾರ ಮಗಳೂ ಅಲ್ಲ. ಅಮ್ಮನೇ ಹೇಳಿದಳಲ್ಲ, ಕಂಪನಿ ಅಂದರೆ ಯಾರೂ ಅಲ್ಲ ಎಂದು! ಈ ಕಾಗದ ಹೀಗೆಯೇ ಹೋದರೆ ರೆಸಾರ್ಟಿನವರು ಒಂದು ರೂಪಾಯಿ ಎಸೆದು ಇಡೀ ವಾರವನ್ನು ಎತ್ತಿಕೊಂಡು ಹೋಗಬಹುದು. ತಪ್ಪಿಸುವುದು ಕಷ್ಟವೇನಲ್ಲ. ಕ್ರಯಪತ್ರ ತೆಗೆದು ದಾನಪತ್ರ ಮಾಡಿದರೆ ಮುಗಿಯಿತು. ದಾನಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದ್ದನ್ನು ಅವರು ಕೊಳ್ಳುವಂತಿಲ್ಲ.

ಪೆನ್ಸಿಲ್ಲು ಅವಳ ಕೈಯಲ್ಲೇ ಇತ್ತು. ಅಂಚಿನಲ್ಲಿ ಎರಡು ಪದ ಬರೆದಿದ್ದರೆ ಸಾಕಿತ್ತು.

ಬರೆಯಲಿಲ್ಲ. ಅಂಕಿ, ತಾರೀಖು, ವಿಳಾಸ ಅಷ್ಟೇ ತಾನೆ ಕೇಳಿದ್ದು? ಅಷ್ಟನ್ನೇ ನೋಡಿದಳು. ಆಡಿಟರ್ ಮೂವತ್ತೊಂದನೇ ವಾರದ ಬದಲು ಹದಿಮೂರನೇ ವಾರ ಎಂದು ಬರೆದಿದ್ದ. ಮನೆ ನಂಬರು ಆರಿದ್ದದ್ದು ಒಂಬತ್ತಾಗಿತ್ತು. ಕಂಪನಿಯ ನೋಂದಣಿ ಸಂಖ್ಯೆಯಲ್ಲಿ ಒಂದು ಅಂಕಿ ಬಿಟ್ಟುಹೋಗಿತ್ತು. ಅಮ್ಮನ ಹುಟ್ಟಿದ ವರ್ಷ ತಪ್ಪಾಗಿತ್ತು. ನಾಲ್ಕನ್ನೂ ತಿದ್ದಿ, ಶುದ್ಧ ಪ್ರತಿ ಮಾಡಿಸಿ, ಪ್ರತಿ ಪುಟದ ಮೂಲೆಗೆ ಟಿಕ್ ಹಾಕಿ, ಕೊನೆಯಲ್ಲಿ ಪರಿಶೀಲಿಸಿದವರು ಎಂಬಲ್ಲಿ ಸಹಿ ಮಾಡಿದಳು. ಹೊಟ್ಟೆಕಿಚ್ಚಿಗೆ ಇಷ್ಟು ಅಚ್ಚುಕಟ್ಟಾದ ಕೆಲಸ ಬರುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಮೂರು ವಾರ ಕಳೆದು ರೆಸಾರ್ಟಿನ ಪತ್ರ ಬಂತು. ಅಂದು ತಂಗಿಯೂ ಇದ್ದಳು, ಅವಳೇ ಗಟ್ಟಿಯಾಗಿ ಓದಿದಳು. ಮಾನ್ಯರೇ, ತಮ್ಮ ದಸ್ತಾವೇಜು ಎಲ್ಲ ರೀತಿಯಿಂದಲೂ ಕ್ರಮಬದ್ಧವಾಗಿದೆ, ಹದಿನಾಲ್ಕನೇ ಕಲಮಿನ ಪ್ರಕಾರ ಸದರಿ ವಾರವನ್ನು ನಾವೇ ಖರೀದಿಸಲು ತೀರ್ಮಾನಿಸಿದ್ದೇವೆ, ಬೆಲೆಯ ಚೆಕ್ಕನ್ನು ಇದರೊಂದಿಗೆ ಲಗತ್ತಿಸಿದೆ. ಗುಂಡುಸೂಜಿ ಚುಚ್ಚಿದ್ದ ಚೆಕ್ಕು ನಿಜವಾಗಿಯೂ ಒಂದು ರೂಪಾಯಿಯದು.

ತಂಗಿ ಎರಡು ಸಲ ಓದಿದಳು. ಮೂರನೇ ಸಲಕ್ಕೆ ಅಳು ಬಂತು. ಆಡಿಟರ್‌ಗೆ ಫೋನು ಹೋಯಿತು, ಅತ್ತ ಕಡೆಯಿಂದ ಬರೀ ಗೊಣಗಾಟ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದಳು. ಒಂದು ಕ್ಷಣ, ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು. ನೋಡು, ನಿನ್ನ ಪುಟ್ಟಿಯ ಕೆಲಸ ನೋಡು ಎಂದು ಅಮ್ಮನ ಮುಖ ಹುಡುಕಿದಳು.

ಅಮ್ಮ ಅಕ್ಕನನ್ನೇ ನೋಡುತ್ತಿದ್ದಳು.

"ನೀನು ಓದಿದ್ದೆ ಅಲ್ವಾ ಇದನ್ನ?"

ಅಕ್ಕ ಬಾಯಿ ತೆರೆಯುವ ಮೊದಲೇ ತಂಗಿ ಮೂಗು ಒರೆಸಿಕೊಂಡು ನಡುವೆ ಬಂದಳು. "ಅಕ್ಕನ್ನ ಯಾಕೆ ಕೇಳ್ತೀಯಮ್ಮ? ಅಂಕಿ ತಾರೀಖು ಅಷ್ಟೇ ನೋಡು ಅಂತ ನಾನೇ ಹೇಳಿದ್ದೆ. ಪಾಪ, ಅವಳು ಅದನ್ನೆಲ್ಲ ಸರಿಯಾಗಿ ತಿದ್ದಿದ್ದಾಳೆ. ಆಡಿಟರ್ ಏನು ಹೇಳ್ತಾರೆ ಗೊತ್ತಾ? ಅವರು ಬರೆದ ಹಾಗೇ ಹೋಗಿದ್ರೆ, ವಾರ ತಪ್ಪು, ಮನೆ ತಪ್ಪು ಅಂತ ರೆಸಾರ್ಟಿನೋರೇ ವಾಪಸ್ ಕಳಿಸ್ತಿದ್ರಂತೆ. ಅಕ್ಕ ತಿದ್ದಿದ್ದಕ್ಕೇ ಅವರಿಗೆ ಹಿಡಿಯೋಕೆ ಸಿಕ್ತಂತೆ!" ಅಳುತ್ತಲೇ ನಕ್ಕುಬಿಟ್ಟಳು.

ಇದು ಅಕ್ಕನಿಗೆ ಹೊಳೆದಿರಲಿಲ್ಲ. ಸುಮ್ಮನೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಕಣ್ಣಿಗೆ ಬಿದ್ದ ಹದಿಮೂರನ್ನು ಹದಿಮೂರಾಗಿಯೇ ಬಿಡುವುದು ಅವಳ ಕೈಲಾಗದ ಕೆಲಸ, ಅದಕ್ಕೇ ಆಯಿತು.

ಇನ್ನೊಂದು ವಿಷಯ ಅವಳೊಬ್ಬಳಿಗೇ ಗೊತ್ತಿತ್ತು. ಅದೇ ಪುಸ್ತಕದಲ್ಲಿ ಹದಿನೇಳನೇ ಕಲಮು ಎಂಬುದೊಂದಿದೆ. ಪರಿಶೀಲಿಸಿದವರ ಅಜಾಗರೂಕತೆಯಿಂದ ದಾನ ಎಂದಾಗಬೇಕಾದ ದಸ್ತಾವೇಜು ಮಾರಾಟ ಎಂದಾಗಿದ್ದರೆ, ಚೆಕ್ಕನ್ನು ನಗದು ಮಾಡಿಕೊಳ್ಳದೆ ಹತ್ತು ದಿನದೊಳಗೆ ಹಿಂತೆಗೆದುಕೊಳ್ಳಬಹುದು. ಆದರೆ ಪರಿಶೀಲಿಸಿದವರು ತಪ್ಪು ತಮ್ಮದೇ ಎಂದು ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಅವರ ಕಚೇರಿಯ ಮುಖ್ಯಸ್ಥರು ಅದಕ್ಕೆ ಸಾಕ್ಷಿ ಹಾಕಬೇಕು. ಅಂದರೆ ಭೂತಗನ್ನಡಿ ತನ್ನ ಕೈಯಾರೆ ತನಗೆ ಕಣ್ಣು ಕಾಣಲಿಲ್ಲ ಎಂದು ಬರೆದು ವಕೀಲರ ಮುಂದೆ ಇಡಬೇಕು. ಅದೂ ಸುಳ್ಳು. ಕಂಡಿತ್ತಲ್ಲ!

"ಇದನ್ನ ವಾಪಸ್ ತಗೊಳ್ಳೋಕೆ ದಾರಿ ಏನಾದ್ರೂ ಇದೆಯಾ?" ಎಂದು ಅಮ್ಮ ಕೇಳಿದಳು. ಕೇಳಿದ್ದು ಅಕ್ಕನನ್ನು.

"ಇಲ್ಲಮ್ಮ," ಎಂದಳು ಅಕ್ಕ.

ಅಮ್ಮ ಚೆಕ್ಕನ್ನು ಮಡಚಿ ಮಾತ್ರೆ ಡಬ್ಬಿಯ ಕೆಳಗಿಟ್ಟಳು. ಅಷ್ಟರ ಮೇಲೆ ಆ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ.

ಯಾರಿಗೂ ಇಲ್ಲದಂತಾಯಿತು ಎಂದು ಅಕ್ಕ ಸಮಾಧಾನ ಮಾಡಿಕೊಂಡಳು. ನನಗಿಲ್ಲ, ಅವಳಿಗೂ ಇಲ್ಲ, ಸರಿಹೋಯಿತು. ಆದರೆ ಸರಿಹೋಗಲಿಲ್ಲ. ಅಮ್ಮನ ವಾರವನ್ನು ತನ್ನ ಪೆದ್ದುತನದಿಂದ ಕಳೆದೆ ಎಂಬ ಕೊರಗು ಹತ್ತಿ, ಭಾನುವಾರಕ್ಕೊಮ್ಮೆ ಬರುತ್ತಿದ್ದ ತಂಗಿ ದಿನವೂ ಸಂಜೆ ಬರತೊಡಗಿದಳು. ಹೊಲಿಗೆ ಯಂತ್ರಗಳು ನಿಂತ ಕೂಡಲೇ ಮೈಮೇಲೆಲ್ಲ ನೂಲಿನ ಎಳೆ ಅಂಟಿಸಿಕೊಂಡೇ ಓಡಿಬರುವಳು. ಅಮ್ಮನ ಮಂಚದ ತುದಿಯಲ್ಲಿ ಕೂತು ಕಾಲು ಒತ್ತುವಳು. ಅಮ್ಮ ಅವಳ ತಲೆಗೂದಲಿನಿಂದ ನೂಲು ಹೆಕ್ಕುವಳು. ಅಕ್ಕ ಕಚೇರಿಯಿಂದ ಬಂದು ಬಾಗಿಲು ತೆರೆದರೆ ಒಳಗೆ ಇಬ್ಬರ ಗುಸುಗುಸು, ನಗು. ಅವಳನ್ನು ಕಂಡ ಕೂಡಲೇ, "ಬಂದ್ಯಾ? ಒಂದೆರಡು ಬ್ರೆಡ್ಡು ಸುಟ್ಟು ಕೊಡು, ಪುಟ್ಟಿ ಏನೂ ತಿಂದಿಲ್ಲ."

ಮೂರನೇ ದಿನ ಆಸ್ಪತ್ರೆಯ ಕತೆ ಕೇಳಿಸಿತು. ಒಂದು ಶನಿವಾರ ಹೆರಿಗೆ ವಾರ್ಡಿನಲ್ಲಿ ದೀಪ ಹೋಗಿ, ಅಮ್ಮ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅವಳಿ ಮಕ್ಕಳನ್ನು ಹಿಡಿದ ಕತೆ. ಅದು ಅಕ್ಕನ ಕತೆ. ನೀರಿನ ಪಕ್ಕದ ಹಾದಿಯಲ್ಲಿ, ಬೆಳಿಗ್ಗೆ, ಅವಳೊಬ್ಬಳಿಗೇ ಹೇಳಿದ್ದ ಕತೆ. ಅದನ್ನೀಗ ತಂಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. "ಅಯ್ಯೋ, ಇದನ್ನ ನಂಗೆ ಯಾವತ್ತೂ ಹೇಳೇ ಇಲ್ವಲ್ಲಮ್ಮ!" ಅಕ್ಕ ಬ್ರೆಡ್ಡು ಕರಕಲು ಮಾಡಿದಳು. ಅವಳ ಜೀವಮಾನದಲ್ಲಿ ಬ್ರೆಡ್ಡು ಕರಕಲಾದದ್ದು ಅದೇ ಮೊದಲು.

ತಂಗಿಗೆ ಏಳು ದಿನ ತಪ್ಪಿಸಲು ಹೋಗಿ ಮುನ್ನೂರರವತ್ತೈದು ಸಂಜೆಗಳನ್ನು ಅವಳ ಕೈಗೆ ತಾನೇ ಕೊಟ್ಟಂತಾಯಿತು. ಎಂಟನೇ ದಿನ ಅಕ್ಕನಿಗೆ ತಡೆಯಲಾಗಲಿಲ್ಲ. ಇದನ್ನು ಪಶ್ಚಾತ್ತಾಪ ಎಂದು ಕರೆಯುವವರು ಕರೆಯಲಿ, ಅಕ್ಕನನ್ನು ಬಲ್ಲವರು ಹಾಗೆನ್ನುವುದಿಲ್ಲ. ಹೊಟ್ಟೆಕಿಚ್ಚು ಅವಳ ಬಾಯಿಗೆ ಬೀಗ ಹಾಕಿತ್ತು, ಆ ಬೀಗ ತೆಗೆದದ್ದೂ ಹೊಟ್ಟೆಕಿಚ್ಚೇ. ತಂಗಿಗೆ ಅವಳ ವಾರ ಸಿಗಲಿ, ಅವಳು ಕೊರಗು ಬಿಡಲಿ, ಮತ್ತೆ ಭಾನುವಾರಕ್ಕೆ ಮಾತ್ರ ಬರಲಿ.

ಅಫಿಡವಿಟ್ಟನ್ನು ಅವಳೇ ಟೈಪು ಮಾಡಿದಳು. "ಸದರಿ ದಸ್ತಾವೇಜನ್ನು ಪರಿಶೀಲಿಸುವಾಗ ನಾನು ತೋರಿಸಬೇಕಾದ ಎಚ್ಚರಿಕೆಯನ್ನು ತೋರಿಸಿರುವುದಿಲ್ಲ. ಅದು ದಾನಪತ್ರವಾಗಿರಬೇಕಿತ್ತೆಂಬ ಅಂಶ ನನ್ನ ಗಮನಕ್ಕೆ ಬಂದಿರುವುದಿಲ್ಲ." ಅದರ ಮೇಲೂ ಕಣ್ಣಾಡಿಸಿದಳು. ಇಷ್ಟು ವರ್ಷ ಬೇರೆಯವರ ಸುಳ್ಳುಗಳನ್ನು ತಿದ್ದಿದವಳು ಬರೆದ ಮೊದಲ ಸ್ವಂತ ಸುಳ್ಳಿನಲ್ಲಿ ಒಂದು ತಪ್ಪೂ ಇರಲಿಲ್ಲ.

ವಕೀಲರು ಓದಿ ಕನ್ನಡಕ ತೆಗೆದರು.

"ಏನಮ್ಮ ಇದು? ನಿಮ್ಮಿಂದ ತಪ್ಪಾಯ್ತಾ?"

"ಆಯ್ತು ಸಾರ್."

"ಮೊದಲನೇ ಸಾಲಲ್ಲೇ ಇದೆ. ಚಿಕ್ಕ ಮಕ್ಕಳಿಗೂ ಕಾಣುತ್ತೆ."

"ನನಗೆ ಕಾಣಲಿಲ್ಲ ಸಾರ್."

ವಕೀಲರು ಬಹಳ ಒಳ್ಳೆಯವರು, ಬೈಯಲಿಲ್ಲ. "ಇರ್ಲಿ ಬಿಡಿ, ವಯಸ್ಸಾಗ್ತಾ ಎಲ್ಲರಿಗೂ ಆಗುತ್ತೆ" ಎಂದು ಸಾಕ್ಷಿ ಹಾಕಿದರು. ಬೈದಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಅವಳು ಅಂದಿನ ಫೈಲುಗಳನ್ನು ಅವರ ಮೇಜಿನ ಮೇಲಿಟ್ಟಳು. ಪ್ರತಿ ಪುಟಕ್ಕೂ ಅವಳ ಟಿಕ್ ಇತ್ತು. ವಕೀಲರು ಪೆನ್ನು ಕೈಗೆತ್ತಿಕೊಂಡವರು ಅದನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಮೊದಲ ಪುಟದಿಂದ ಓದಲು ಶುರು ಮಾಡಿದರು. ಅವಳು ಬಾಗಿಲ ಬಳಿ ನಿಂತು ಅದನ್ನು ನೋಡಿದಳು.

ರೆಸಾರ್ಟಿನವರು ಅಫಿಡವಿಟ್ ಒಪ್ಪಿಕೊಂಡರು. ಚೆಕ್ಕು ವಾಪಸಾಯಿತು. ದಾನಪತ್ರದ ಮೂಲಕ ಆರನೇ ಮನೆಯ ಮೂವತ್ತೊಂದನೇ ವಾರ ಪರದೆ ಕಂಪನಿಯದಾಯಿತು. ತಂಗಿ ಕುಣಿದಾಡಿ ಅಕ್ಕನನ್ನು ತಬ್ಬಿಕೊಂಡಳು. "ನೀನು ನಿನ್ನ ಆಫೀಸಲ್ಲಿ ಮರ್ಯಾದೆ ಕಳ್ಕೊಂಡು ಇದನ್ನ ಉಳಿಸಿದೀಯ. ನಂಗೆ ಗೊತ್ತಿಲ್ವಾ?" ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ಭಾನುವಾರ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿ, ಅದರ ಚೀಟಿ ಹಿಡಿದು ಬಂದಳು.

"ತೋರಿಸ್ಕೋ ಅಕ್ಕ. ದಿನಾ ಅಷ್ಟು ಸಣ್ಣಕ್ಷರ ಓದ್ತೀಯ, ಕಣ್ಣು ಎಷ್ಟಂತ ತಡೀತಾವೆ ಹೇಳು. ಖರ್ಚೆಲ್ಲ ನಂದು." ಅವಳ ಕಣ್ಣಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಹುಡುಕಿದರೂ ಸಿಗುವಂತಿರಲಿಲ್ಲ. ಆ ಕಾರಣಕ್ಕೇ ಅಕ್ಕನಿಗೆ ಅವಳನ್ನು ಕಂಡರೆ ಇನ್ನಷ್ಟು ಉರಿಯಿತು.

ತಂಗಿ ಮೆಟ್ಟಿಲಿಳಿದು ಹೋದ ಮೇಲೆ ಅಕ್ಕ ಕಪ್ಪುಗಳನ್ನು ಎತ್ತಲು ಬಗ್ಗಿದಳು. ಅಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

"ಡಾಕ್ಟ್ರ ಹತ್ರ ಹೋಗ್ಬೇಡ."

"ಯಾಕಮ್ಮ?"

"ನಿನ್ನ ಕಣ್ಣಿಗೇನೂ ಆಗಿಲ್ಲ. ಆ ಫೈಲಲ್ಲಿ ಇದ್ದದ್ದು ನಿನಗೆ ಅವತ್ತೇ ಕಂಡಿತ್ತು."

ಅಕ್ಕ ಎತ್ತಿದ್ದ ಕಪ್ಪನ್ನು ಕೆಳಗಿಟ್ಟಳು.

"ಚಮಚ ಒಂದು ಕಮ್ಮಿ ಇದ್ರೆ ಕಂಡುಹಿಡಿಯೋಳು ನೀನು. ಒಂದು ವಾರ ಕೈಬಿಟ್ಟು ಹೋಗ್ತಿರೋದು ಕಾಣಲ್ವಾ? ಯಾರಿಗೆ ಹೇಳ್ತೀಯ? ನಾನು ಹತ್ತಾರು ನರ್ಸುಗಳನ್ನ ಆಳಿದೋಳು. ನಿನ್ನಂಥ ಕಣ್ಣು ಅವರಲ್ಲಿ ಒಬ್ಬಳಿಗೂ ಇರ್ಲಿಲ್ಲ. ಪುಟ್ಟಿಗಂತೂ ಏಳು ಜನ್ಮಕ್ಕೂ ಬರಲ್ಲ."

ನಲವತ್ಮೂರು ವರ್ಷದಿಂದ ಈ ಮಾತಿಗಾಗಿ ಅವಳು ಕಾದಿದ್ದಳು. ಪುಟ್ಟಿಗಿಂತ ನೀನು ಮೇಲು ಎಂದು ಅಮ್ಮನ ಬಾಯಿಂದ ಒಂದೇ ಒಂದು ಸಲ. ಅದೀಗ ಬಂದಿತ್ತು, ಇಂಥ ಹೊತ್ತಿಗೆ. ಅವಳ ಕಣ್ಣಲ್ಲಿ ನೀರು ತುಂಬಿತು. ಮೊದಲ ದಿನವೇ ಗೊತ್ತಿದ್ದೂ ಅಮ್ಮ ತನ್ನ ಮಾನ ಕಾಯಲೆಂದು ಸುಮ್ಮನಿದ್ದಳಲ್ಲ ಎಂದುಕೊಂಡಳು. ಅಮ್ಮನ ಕಾಲ ಬಳಿ ಕುಸಿದು ಕೂತಳು.

"ಗೊತ್ತಿದ್ದೂ ಇಷ್ಟು ದಿನ ಯಾಕಮ್ಮ ಕೇಳಲಿಲ್ಲ?"

"ಕೇಳಿದ್ರೆ ನೀನು ಹೂಂ ಅಂದುಬಿಡ್ತಿದ್ದೆ. ಪುಟ್ಟಿ ಪಕ್ಕದಲ್ಲೇ ಕೂತಿರ್ತಿದ್ಲು." ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು. "ಅವಳಿಗೆ ಯಾವತ್ತೂ ಹೇಳ್ಬೇಡ, ಆಯ್ತಾ? ನನ್ನಕ್ಕನೇ ಹೀಗೆ ಮಾಡಿದ್ಲು ಅಂತ ತಿಳಿದ್ರೆ ಆ ಮಗುವಿನ ಎದೆ ಒಡೆದುಹೋಗುತ್ತೆ. ನೀನಾದ್ರೆ ಗಟ್ಟಿ, ಹೇಗೋ ತಡ್ಕೋತೀಯ."

ತಲೆಯ ಮೇಲಿನ ಕೈ ಬೆಚ್ಚಗಿತ್ತು. ಅದರಡಿಯಲ್ಲಿ ಅಕ್ಕ ಅಲುಗದೆ ಕೂತಳು. ಕೈ ತೆಗೆಯಲಿ ಎಂದೂ ಅನ್ನಿಸಿತು, ತೆಗೆಯದಿರಲಿ ಎಂದೂ ಅನ್ನಿಸಿತು.

"ಇಲ್ಲಮ್ಮ," ಎಂದಳು. "ಹೇಳಲ್ಲ."